ಬೋಗಸ್ ಕಾರ್ಡ್ ರದ್ದು ಮಾಡಿದರೆ ಸರ್ಕಾರಕ್ಕೆ ನಿಜವಾಗಿ ಉಳಿಯುವುದೆಷ್ಟು? ಲೆಕ್ಕ ಹಾಕುವುದು ಹೇಗೆ?

ಗೋಕರ್ಣ ರಸ್ತೆ (ಕುಮಟಾ)

ಗ್ರಾಮ ಸಭೆಯಲ್ಲಿ ಪಡಿತರದ ವಿಷಯ ಎದ್ದಾಗಲೆಲ್ಲ ಅನರ್ಹರ ಕಾರ್ಡ್ ತೆಗೆದಿದ್ದರಿಂದ ಸರ್ಕಾರಕ್ಕೆ ಇಷ್ಟು ಲಕ್ಷ, ಇಷ್ಟು ಕೋಟಿ ಉಳಿಯಿತು ಎಂಬ ಮಾತು ಬರುತ್ತದೆ. ರದ್ದಾದ ಕಾರ್ಡಿನಲ್ಲಿದ್ದ ತಲೆಗಳನ್ನು ಎಣಿಸಿ, ತಲೆಗೆ 10 ಕಿಲೋ ಅಕ್ಕಿ, ಕಿಲೋಗೆ ಪೇಟೆಯ 40 ರೂಪಾಯಿ ಹಿಡಿದು, 12 ತಿಂಗಳಿಂದ ಗುಣಿಸುತ್ತಾರೆ. 50 ಕಾರ್ಡ್, ಕಾರ್ಡಿಗೆ 4 ಜನ ಅಂತ ಇಟ್ಟುಕೊಂಡರೆ ವರ್ಷಕ್ಕೆ 9,60,000 ರೂಪಾಯಿ ಆಗುತ್ತದೆ. ಈ ಲೆಕ್ಕ ನಿಲ್ಲುತ್ತದೆಯೇ?

ಪಡಿತರ ಮತ್ತು ಪಿಂಚಣಿಯಲ್ಲಿ ಸೋರಿಕೆ ಎಲ್ಲಿದೆ ಅಂತ ಪಂಚಾಯ್ತಿ ಮಟ್ಟದಲ್ಲೇ ಕಂಡುಹಿಡಿಯಲು ಯಾವ ಕಾಗದ ನೋಡಬೇಕು ಎಂಬುದನ್ನೂ ತಿಳಿದವರು ಹೇಳಿ. ನಮ್ಮ ಕಡೆ ಮೀನುಗಾರರ ಕೇರಿಯ ಹೆಂಗಸರ ಹೆಬ್ಬೆಟ್ಟು ಮಷಿನ್ ತಗೊಳ್ಳುವುದಿಲ್ಲ. ಅವರು ಬರಿಗೈಯಲ್ಲಿ ಹೋದ ತಿಂಗಳ ಅಕ್ಕಿಯೂ "ಉಳಿತಾಯ"ದ ಲೆಕ್ಕಕ್ಕೆ ಸೇರುತ್ತದೆಯೇ?

ಬನವಾಸಿ ದಾರಿ (ಶಿರಸಿ)

ಆ ಗುಣಾಕಾರ ನಿಲ್ಲುವುದಿಲ್ಲ. ನಿಮ್ಮ 50 ಕಾರ್ಡಿನ ಉದಾಹರಣೆಯನ್ನೇ ಹಿಡಿದು ಬಿಡಿಸುತ್ತೇನೆ.

ಆ ಲೆಕ್ಕದಲ್ಲಿ ತಲೆಗೆ ಹಿಡಿದ 10 ಕಿಲೋದಲ್ಲಿ ಮೊದಲ 5 ಕಿಲೋ ಕೇಂದ್ರದ್ದು. ಅದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಬರುತ್ತದೆ. ಆ ಕಾಯ್ದೆಯಲ್ಲಿ ಪ್ರತಿ ರಾಜ್ಯಕ್ಕೂ ಫಲಾನುಭವಿಗಳ ಗರಿಷ್ಠ ಸಂಖ್ಯೆ ಮೊದಲೇ ನಿಗದಿಯಾಗಿದೆ. ಕರ್ನಾಟಕಕ್ಕೆ ಅದು ಸುಮಾರು 4.01 ಕೋಟಿ ಜನ. ಆ ಮಿತಿಯೊಳಗೆ ಒಬ್ಬರ ಹೆಸರು ತೆಗೆದರೆ ಜಾಗ ಖಾಲಿಯಾಗುತ್ತದೆ, ಅರ್ಜಿ ಹಾಕಿ ಕಾಯುತ್ತಿರುವ ಇನ್ನೊಬ್ಬರು ಒಳಗೆ ಬರಬಹುದು. ಆಗ ಅಕ್ಕಿ ಸರಿಯಾದ ಮನೆಗೆ ತಿರುಗಿತು. ಅದು ಬಹಳ ಒಳ್ಳೆಯ ಕೆಲಸ, ಆದರೆ ಬೊಕ್ಕಸಕ್ಕೆ ಹಣ ಉಳಿಯಲಿಲ್ಲ. ಈ ಎರಡನ್ನೂ ಬೇರೆ ಬೇರೆ ಹೇಳಬೇಕು.

ಇನ್ನುಳಿದ 5 ಕಿಲೋ ರಾಜ್ಯದ್ದು. 2023ರ ಜುಲೈಯಿಂದ ಅದರ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು, 2025ರ ಫೆಬ್ರವರಿಯಿಂದ ಅಕ್ಕಿಯನ್ನೇ ಕೊಡಲು ಶುರುವಾಯಿತು. ಆ ಅಕ್ಕಿಯನ್ನು ಭಾರತೀಯ ಆಹಾರ ನಿಗಮ ರಾಜ್ಯಗಳಿಗೆ ಕೊಟ್ಟದ್ದು ಕ್ವಿಂಟಾಲಿಗೆ 2,250 ರೂಪಾಯಿಯಂತೆ, ಅಂದರೆ ಕಿಲೋಗೆ 22.50. ಪೇಟೆಯ 40 ರೂಪಾಯಿಗೂ ಸರ್ಕಾರದ ಖರ್ಚಿಗೂ ಸಂಬಂಧವೇ ಇಲ್ಲ. ಆ ದರ ಹಿಡಿದರೆ 200 ತಲೆಗೆ ತಿಂಗಳಿಗೆ 1,000 ಕಿಲೋ, 22,500 ರೂಪಾಯಿ. ಸಾಗಣೆ ಮತ್ತು ಅಂಗಡಿಯ ಕಮಿಷನ್ ಇದರ ಮೇಲೆ ಸ್ವಲ್ಪ ಸೇರುತ್ತದೆ.

ಇನ್ನೂ ಇಳಿಯುತ್ತದೆ, ನೋಡಿ. ಆ 50ರಲ್ಲಿ ಎಷ್ಟು ಕಾರ್ಡಿನವರು ನಿಜವಾಗಿ ಅಕ್ಕಿ ಎತ್ತುತ್ತಿದ್ದರು? ಗೋವಾಕ್ಕೋ ಬೆಂಗಳೂರಿಗೋ ಹೋದವರ ಕಾರ್ಡಿನಲ್ಲಿ ವರ್ಷಗಟ್ಟಲೆ ಎತ್ತುವಳಿ ಇರುವುದಿಲ್ಲ. ಎತ್ತದ ಅಕ್ಕಿ ಅಂಗಡಿಯ ಮುಕ್ತಾಯ ಶಿಲ್ಕಿನಲ್ಲಿ ಉಳಿಯುತ್ತದೆ, ಮುಂದಿನ ತಿಂಗಳ ಹಂಚಿಕೆಯಲ್ಲಿ ಅಷ್ಟು ಕಳೆದೇ ಕಳಿಸುತ್ತಾರೆ. ಹಾಗಾಗಿ ಆ ಕಾರ್ಡ್ ರದ್ದಾದರೆ ಉಳಿತಾಯ ಸೊನ್ನೆ. ಅಂಥವು 20 ಇದ್ದವು ಅಂತ ಹಿಡಿಯಿರಿ, ಉಳಿದದ್ದು 30. ಅದರಲ್ಲಿ 5 ಕಾರ್ಡ್ ಮೇಲ್ಮನವಿಯಲ್ಲಿ ಮತ್ತೆ ಮಂಜೂರಾದರೆ 25. 25 ಕಾರ್ಡ್, 100 ತಲೆ, 500 ಕಿಲೋ: ತಿಂಗಳಿಗೆ 11,250, ವರ್ಷಕ್ಕೆ 1,35,000 ರೂಪಾಯಿ. ಭಾಷಣದ 9,60,000 ಎಲ್ಲಿ, ಇದೆಲ್ಲಿ! ಖಾಲಿ ಜಾಗಕ್ಕೆ ಹೊಸಬರು ಸೇರಿದರೆ ನಗದಿನಲ್ಲಿ ಇದೂ ಉಳಿಯುವುದಿಲ್ಲ.

ಕೆಲವರು ಇದಕ್ಕೆ ಗೃಹಲಕ್ಷ್ಮಿಯ 2,000 ರೂಪಾಯಿಯನ್ನೂ ಕೂಡಿಸುತ್ತಾರೆ. ಗೃಹಲಕ್ಷ್ಮಿ ಎಪಿಎಲ್ ಕಾರ್ಡಿನ ಯಜಮಾನಿಗೂ ಇದೆ. ಬಿಪಿಎಲ್‌ನಿಂದ ಎಪಿಎಲ್‌ಗೆ ಬದಲಾದ ಮಾತ್ರಕ್ಕೆ ಆ ಹಣ ನಿಲ್ಲುವುದಿಲ್ಲ. ಆಕೆಯೋ ಗಂಡನೋ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಪಟ್ಟಿಯಲ್ಲಿದ್ದರೆ ಮಾತ್ರ ನಿಲ್ಲುತ್ತದೆ.

ದೊಡ್ಡ ಮಟ್ಟದಲ್ಲೂ ಇದೇ ಗೊಂದಲ ಆಗಿದೆ. ಗ್ಯಾಸ್ ಸಬ್ಸಿಡಿಯನ್ನು ನೇರ ಖಾತೆಗೆ ಹಾಕುವ ಪಹಲ್ ಯೋಜನೆಯ ಬಗ್ಗೆ 2016ರ ಸಿಎಜಿ (ಸರ್ಕಾರದ ಲೆಕ್ಕ ಪರಿಶೋಧಕರು) ವರದಿ ತೆಗೆದು ನೋಡಿ. 2015ರ ಏಪ್ರಿಲ್‌ನಿಂದ ಡಿಸೆಂಬರ್ ತನಕ ಸಬ್ಸಿಡಿ ಹೊರೆ ಹಿಂದಿನ ವರ್ಷದ ಅದೇ ಅವಧಿಗಿಂತ 23,316 ಕೋಟಿ ಕಡಿಮೆಯಾಗಿತ್ತು. ಅದರಲ್ಲಿ 21,552 ಕೋಟಿ ಅನಿಲದ ಬೆಲೆ ಇಳಿದದ್ದರಿಂದ, ಗ್ರಾಹಕರು ಸಿಲಿಂಡರ್ ಎತ್ತಿದ್ದು ಕಡಿಮೆಯಾಗಿ ಉಳಿದದ್ದು 1,764 ಕೋಟಿ ಮಾತ್ರ. ಖರ್ಚು ಇಳಿಯಿತು ಎಂಬುದಕ್ಕೂ ಕಳ್ಳತನ ನಿಂತಿತು ಎಂಬುದಕ್ಕೂ ಎಷ್ಟು ಅಂತರ ಇರಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕೋಡಿಬಾಗ (ಕಾರವಾರ)

ಪಿಂಚಣಿ ಭಾಗಕ್ಕೆ ಉತ್ತರಿಸುತ್ತೇನೆ. ಪಂಚಾಯ್ತಿ ಮಟ್ಟದಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ ಇಲ್ಲೇ ಇದೆ: ತೀರಿಕೊಂಡವರ ಹೆಸರು ಸಕಾಲಕ್ಕೆ ತೆಗೆಯುವುದು.

ವೃದ್ಧರ ಪಿಂಚಣಿಯಾದ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200, ವಿಧವಾ ವೇತನ 800 ರೂಪಾಯಿ. ಒಬ್ಬರು ತೀರಿಕೊಂಡ ಸುದ್ದಿ ತಾಲೂಕು ಕಚೇರಿಗೆ ಮುಟ್ಟಲು 5 ತಿಂಗಳು ಹಿಡಿದರೆ ಸಂಧ್ಯಾ ಸುರಕ್ಷಾದ ಒಂದೇ ಖಾತೆಗೆ 6,000 ರೂಪಾಯಿ ಸುಮ್ಮನೆ ಬಿದ್ದಿರುತ್ತದೆ. ಇಲ್ಲಿ ಉಳಿತಾಯದ ಲೆಕ್ಕವೂ ಶುದ್ಧ. ಕೊಡಬಾರದ ಹಣ, ನಿಂತ ದಿನ ಗೊತ್ತು, ಅರ್ಹರು ಯಾರಿಗೂ ತೊಂದರೆಯಿಲ್ಲ.

ಮಾಡುವ ಕ್ರಮ ಹೀಗೆ. ಪಿಂಚಣಿದಾರರ ಊರುವಾರು ಪಟ್ಟಿಯನ್ನು ಗ್ರಾಮ ಆಡಳಿತ ಅಧಿಕಾರಿಯಿಂದ ಪಡೆಯಿರಿ. ಕಳೆದ 24 ತಿಂಗಳ ಮರಣ ನೋಂದಣಿಯನ್ನು ಪಕ್ಕಕ್ಕಿಟ್ಟು ಒಂದೊಂದೇ ಹೆಸರು ತಾಳೆ ಹಾಕಿ. ಬರೀ ಹೆಸರು ನೋಡಿ ಗೀಟು ಎಳೆಯಬೇಡಿ. ಹಾಲಕ್ಕಿ ಕೇರಿಗಳಲ್ಲಿ ದೇವಿ ಗೌಡ, ನಾಗಿ ಗೌಡ ಎಂಬ ಹೆಸರಿನವರು ನಾಲ್ಕಾರು ಜನ ಇರುತ್ತಾರೆ. "ದೇವಿ ಕೋಂ ತಿಮ್ಮಾ ಗೌಡ" ಎಂಬುದರಲ್ಲಿ ಕೋಂ ನಂತರದ ಗಂಡನ ಹೆಸರು, ಮಜರೆ, ಮನೆ ನಂಬರು, ಆಧಾರಿನ ಕೊನೆಯ 4 ಅಂಕಿ, ಈ ನಾಲ್ಕರಲ್ಲಿ ಮೂರಾದರೂ ಕೂಡಬೇಕು. ಬದುಕಿರುವವರನ್ನು ಸತ್ತವರೆಂದು ಬರೆಯುವ ತಪ್ಪು ಆಗುವುದು ಇದೇ ಜಾಗದಲ್ಲಿ. ಅದನ್ನು ಸರಿಪಡಿಸಲು ಆ ಮುದುಕಿ ತಾನು ಜೀವಂತ ಇದ್ದೇನೆಂದು ತೋರಿಸಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಇನ್ನೊಂದು ತೊಡಕು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ವಿಶೇಷ. ಮರಣ ನೋಂದಣಿ ಆಗುವುದು ಸಾವು ಸಂಭವಿಸಿದ ಜಾಗದಲ್ಲಿ. ಭಟ್ಕಳ, ಹೊನ್ನಾವರದ ಕಡೆಯವರು ಗಂಭೀರ ಕಾಯಿಲೆಗೆ ಮಣಿಪಾಲ, ಮಂಗಳೂರಿಗೆ ಹೋಗುತ್ತಾರೆ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ, ಕಾರವಾರದವರು ಗೋವಾಕ್ಕೆ. ಅಲ್ಲಿ ತೀರಿಕೊಂಡವರ ಹೆಸರು ನಿಮ್ಮ ಊರಿನ ಪುಸ್ತಕದಲ್ಲಿ ಇರುವುದೇ ಇಲ್ಲ. ಗೋವಾದ್ದಂತೂ ಬೇರೆ ರಾಜ್ಯದ ದಾಖಲೆ. ಆದ್ದರಿಂದ ನೋಂದಣಿ ಪುಸ್ತಕದ ಜೊತೆ ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಕಾರ್ಯಕರ್ತೆ ಇಬ್ಬರನ್ನೂ ಕೂರಿಸಿಕೊಂಡು ಪಟ್ಟಿ ಓದಿಸಿ. ಮನೆ ಮನೆಯ ವಿಷಯ ಅವರಿಗೆ ಗೊತ್ತಿರುತ್ತದೆ. ಆಮೇಲೆ ಮನೆಯವರಿಂದ ಮರಣ ಪತ್ರದ ನಕಲು ತರಿಸಿ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ಬೇಕಾಗುತ್ತದೆ, ಆ ತಾಪತ್ರಯಕ್ಕೆ ಹೆದರಿಯೇ ಅನೇಕರು ಬಿಟ್ಟುಬಿಡುತ್ತಾರೆ.

ವರದಿಯಲ್ಲಿ ಮಾತ್ರ ಮೂರು ಬೇರೆ ಶೀರ್ಷಿಕೆ ಇರಲಿ. ಸಾವಿನ ನಂತರ ಹಣ ಖಾತೆಗೆ ಬಿದ್ದು ಹಾಗೆಯೇ ಇದ್ದರೆ ಅದು ಕಚೇರಿಯ ವಿಳಂಬ, ಬ್ಯಾಂಕಿನಿಂದ ವಾಪಸ್ ತರಿಸಬಹುದು. ಮನೆಯವರು ಎಟಿಎಂ ಕಾರ್ಡಿನಿಂದ ತೆಗೆಯುತ್ತಾ ಹೋಗಿದ್ದರೆ ಅದು ದುರುಪಯೋಗ. ವಯಸ್ಸು ತಿದ್ದಿ ಅಥವಾ ಇನ್ನೊಬ್ಬರ ಹೆಸರಲ್ಲಿ ಪಿಂಚಣಿ ಮಾಡಿಸಿದ್ದರೆ ಅದು ವಂಚನೆ. ಮೂರನ್ನೂ ಒಟ್ಟು ಮಾಡಿ "ವಂಚನೆ ಪತ್ತೆ" ಎಂದು ಬರೆದರೆ ಸಂಖ್ಯೆ ದೊಡ್ಡದಾಗುತ್ತದೆ, ಯಾವುದನ್ನು ಹೇಗೆ ತಡೆಯಬೇಕು ಎಂಬುದು ಮುಚ್ಚಿಹೋಗುತ್ತದೆ. ಬ್ರಿಟನ್ನಿನ ಕಲ್ಯಾಣ ಇಲಾಖೆ ಪ್ರತಿ ವರ್ಷ ಹೆಚ್ಚುವರಿ ಪಾವತಿಯ ಅಂದಾಜು ಕೊಡುವಾಗ ವಂಚನೆ, ಅರ್ಜಿದಾರರ ತಪ್ಪು, ಅಧಿಕಾರಿಗಳ ತಪ್ಪು ಎಂದು ಮೂರಾಗಿ ಒಡೆದೇ ಕೊಡುತ್ತದೆ. 2023–24ಕ್ಕೆ ಒಟ್ಟು 3.7 ಶೇಕಡಾ, 970 ಕೋಟಿ ಪೌಂಡ್. ಅರ್ಹರಿಗೆ ಕಡಿಮೆ ಕೊಟ್ಟದ್ದನ್ನೂ ಅದೇ ವರದಿಯಲ್ಲಿ ಬೇರೆಯಾಗಿ ತೋರಿಸುತ್ತಾರೆ. ನಮ್ಮಲ್ಲಿ ಆ ಎರಡನೆಯ ಸಾಲು ಕಾಣುವುದೇ ಅಪರೂಪ.

ಗೋಕರ್ಣ ರಸ್ತೆ (ಕುಮಟಾ)

ತುಂಬಾ ಉಪಕಾರ ಆಯಿತು. ಹೆಬ್ಬೆಟ್ಟಿನ ವಿಷಯ ಮತ್ತು ಆದಾಯದ ವಿಷಯ ಯಾರಾದರೂ ಬಿಡಿಸಿ ಹೇಳಿ. ಇಲ್ಲಿ ಜಾಸ್ತಿ ಜಗಳ ಆಗುವುದು ಅದರ ಮೇಲೆಯೇ.

ಶರಾವತಿ ದಂಡೆ (ಹೊನ್ನಾವರ)

ಹೆಬ್ಬೆಟ್ಟು ಹೇಳುವುದು ಕಾರ್ಡಿನವರು ಅಂಗಡಿಗೆ ಬಂದಿದ್ದರು ಎಂಬುದನ್ನು ಮಾತ್ರ. ಎಷ್ಟು ಕಿಲೋ ಕೊಟ್ಟರು ಎಂಬುದಕ್ಕೆ ಅದು ಸಾಕ್ಷಿಯಲ್ಲ. 35 ಕಿಲೋದ ಅಂತ್ಯೋದಯ ಕಾರ್ಡಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು 32 ಕಿಲೋ ಕೊಟ್ಟರೆ ಕಂಪ್ಯೂಟರಿನಲ್ಲಿ ಎಲ್ಲವೂ ಸರಿ ಇರುತ್ತದೆ. ಜಾರ್ಖಂಡಿನಲ್ಲಿ ಮುರಳೀಧರನ್, ನೀಹೌಸ್, ಸುಖ್ತಂಕರ್ ಎಂಬ ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನದಲ್ಲೂ ಇದೇ ಕಂಡಿತು. ಬೆರಳಚ್ಚು ಕಡ್ಡಾಯ ಮಾಡಿದ್ದರಿಂದಲೇ ಸೋರಿಕೆ ಇಳಿಯಲಿಲ್ಲ. ಅಂಗಡಿಯಲ್ಲಿ ಉಳಿದಿರಬೇಕಾದ ದಾಸ್ತಾನನ್ನು ಯಂತ್ರದ ದಾಖಲೆಯೊಂದಿಗೆ ತಾಳೆ ಹಾಕಿ, ಅಷ್ಟು ಕಳೆದು ಅಕ್ಕಿ ಕಳಿಸಲು ಶುರು ಮಾಡಿದ ಮೇಲೆ ಸೋರಿಕೆ ಇಳಿಯಿತು, ಅದರ ಜೊತೆ ಅರ್ಹರಿಗೆ ಸಿಗುವುದೂ ಇಳಿಯಿತು.

ತೂಕದ ಕಡಿತ ಎಲ್ಲಿಂದ ಹುಟ್ಟುತ್ತದೆ ಎಂದು ಗೊತ್ತಿದ್ದರೆ ಹಿಡಿಯುವುದು ಸುಲಭ. ಗೋದಾಮಿನಿಂದ 50 ಕಿಲೋ ಎಂದು ಬರುವ ಗೋಣಿಚೀಲದಲ್ಲಿ ಚೀಲದ್ದೇ ಅರ್ಧ ಕಿಲೋಗೂ ಮಿಕ್ಕಿ ತೂಕ ಇರುತ್ತದೆ. ಚೀಲ ಸಮೇತ ತೂಗಿ 50 ಎಂದು ಕೊಟ್ಟರೆ, ಅಥವಾ ತೂಗದೆ ಎಣಿಸಿ ಲಾರಿಗೆ ಹಾಕಿದರೆ, ಅಂಗಡಿಗೆ ಬರುವಾಗಲೇ ಕೊರತೆ. ಮಳೆಗಾಲದಲ್ಲಿ ಹರಿದ ಚೀಲ, ಇಲಿ, ತೇವ ಬೇರೆ. ಅಂಗಡಿಯವರು ಆ ಕೊರತೆಯನ್ನು ತಮ್ಮ ಕಮಿಷನ್ನಿನಿಂದ ತುಂಬುವ ಬದಲು ತಲೆಗೆ 200 ಗ್ರಾಂ, 300 ಗ್ರಾಂ ಮುರಿದು ಸರಿದೂಗಿಸುತ್ತಾರೆ. ಲಾರಿ ಇಳಿಯುವ ದಿನ ಜಾಗೃತ ಸಮಿತಿಯ ಇಬ್ಬರು ನಿಂತು 10 ಚೀಲ ತೂಗಿಸಿ, ಬರೆದು ಸಹಿ ಮಾಡಿದರೆ ಯಾರ ಕಡೆ ತಪ್ಪು ಅಂತ ಅಲ್ಲೇ ತೀರ್ಮಾನ ಆಗುತ್ತದೆ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳಬೇಕು, ಅದರ ದಿನಾಂಕವನ್ನೂ ನೋಡಿ.

ಈಗ ಬೆರಳು ತಗೊಳ್ಳದಿರುವುದು. ಮಂಜುಗಡ್ಡೆ, ಉಪ್ಪುನೀರಿನಲ್ಲಿ ದಿನವಿಡೀ ಕೈಯಾಡಿಸುವ ಮೀನು ಮಾರುವವರು, ಸಿಗಡಿ ಸುಲಿಯುವವರು, ಘಟ್ಟದ ಮೇಲೆ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದು ಚೊಗರು ಹತ್ತಿದವರು, ಇವರ ಬೆರಳಿನ ಗೆರೆ ಸವೆದೋ ಸಿಪ್ಪೆ ಎದ್ದೋ ಇರುತ್ತದೆ. ಯಂತ್ರದಲ್ಲಿ ಬರುವ ದೋಷದ ಸಂಖ್ಯೆ ಬರೆದಿಟ್ಟುಕೊಳ್ಳಿ. 300 ಬಂದರೆ ಬೆರಳು ಹೊಂದಲಿಲ್ಲ, 330 ಬಂದರೆ ಆಧಾರಿನ ಬಯೋಮೆಟ್ರಿಕ್ ಲಾಕ್ ಆಗಿದೆ. ಜೋಯಿಡಾ ಕಡೆಯಂತೆ ನೆಟ್‌ವರ್ಕ್ ಇಲ್ಲದೆ ನಿಂತರೆ ಅದು ಬೇರೆಯೇ ಸಮಸ್ಯೆ. ಮೂರಕ್ಕೂ ಒಂದೇ ಮದ್ದಲ್ಲ. 300 ಬಂದಾಗ ಕೈ ಸೋಪಿನಲ್ಲಿ ತೊಳೆದು ಪೂರಾ ಒರೆಸಿ, ಸೆನ್ಸರಿನ ಗಾಜು ಒಣ ಬಟ್ಟೆಯಲ್ಲಿ ಒರೆಸಿ, ಹೆಬ್ಬೆರಳು ಬಿಟ್ಟು ಉಂಗುರ ಬೆರಳು, ಕಿರುಬೆರಳು ಇಟ್ಟು ನೋಡಬೇಕು. ಅವು ಕಡಿಮೆ ಸವೆದಿರುತ್ತವೆ. ಆಗಲೂ ಆಗದಿದ್ದರೆ ಮನೆಯ ಇನ್ನೊಬ್ಬ ಸದಸ್ಯರ ಬೆರಳು, ಇಲ್ಲವೇ ಆಧಾರಿಗೆ ಜೋಡಿಸಿದ ಮೊಬೈಲಿಗೆ ಒಟಿಪಿ. ಯಾವುದೂ ಆಗದೆ ಹೋದರೆ ವಿನಾಯಿತಿ ರಿಜಿಸ್ಟರಿನಲ್ಲಿ ಬರೆದು ಕೊಡಬೇಕು. ಆಧಾರ್ ಇಲ್ಲವೆಂದೋ ಬೆರಳು ಕೂಡಲಿಲ್ಲವೆಂದೋ ಅರ್ಹರನ್ನು ವಾಪಸ್ ಕಳಿಸಬಾರದು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದೇ ಎಲ್ಲ ರಾಜ್ಯಗಳಿಗೆ ಬರೆದಿದೆ.

ಆ ಹೆಂಗಸರು ಬರಿಗೈಯಲ್ಲಿ ಹೋದ ತಿಂಗಳ ಅಕ್ಕಿ ಉಳಿತಾಯ ಅಲ್ಲವೇ ಅಲ್ಲ. ಆಹಾರ ಭದ್ರತಾ ಕಾಯ್ದೆಯ 8ನೇ ಕಲಂ ಪ್ರಕಾರ ಅರ್ಹರಿಗೆ ಧಾನ್ಯ ಕೊಡದಿದ್ದರೆ ರಾಜ್ಯ ಆಹಾರ ಭದ್ರತಾ ಭತ್ಯೆ ಕೊಡಬೇಕು. ಲೆಕ್ಕದಲ್ಲಿ ಅದನ್ನು ಸರ್ಕಾರ ಕೊಡಬೇಕಾದ ಬಾಕಿ ಎಂದೇ ಬರೆಯಿರಿ.

ಕರಾವಳಿಯದ್ದೇ ಒಂದು ಮಾತು. ನಮ್ಮಲ್ಲಿ ಉಣ್ಣುವುದು ಕುಚ್ಚಲಕ್ಕಿ, ಪಡಿತರದಲ್ಲಿ ಬರುವುದು ಬೆಳ್ತಿಗೆ. ಅದಕ್ಕೇ ಕೆಲವರು ಆ ಅಕ್ಕಿ ಮಾರಿ ಕುಚ್ಚಲಕ್ಕಿ ಕೊಳ್ಳುತ್ತಾರೆ. ಕಾನೂನಿನ ಪ್ರಕಾರ ಅದು ತಪ್ಪು. ಆದರೆ ಆ ಮನೆ ಅನರ್ಹ ಎಂದು ಅದರಿಂದ ಸಾಬೀತಾಗುವುದಿಲ್ಲ. ಮನೆ ಮನೆ ಸುತ್ತಿ ಕೊಳ್ಳುವ ವ್ಯಾಪಾರಿಯ ಮೇಲೆ ಕ್ರಮ ಆಗಬೇಕು, ಇಲ್ಲಿಗೆ ಬೇಕಾದ ಅಕ್ಕಿ ಸರಬರಾಜಾಗಬೇಕು. ದಾಳಿಯಲ್ಲಿ ಸಿಕ್ಕ ಕ್ವಿಂಟಾಲುಗಳನ್ನು ಉಳಿತಾಯದ ಪಟ್ಟಿಗೆ ಸೇರಿಸಬೇಡಿ.

ಬೇಡ್ತಿ ಕಣಿವೆ (ಯಲ್ಲಾಪುರ)

ಆದಾಯದ ಬಗ್ಗೆ. ಬಿಪಿಎಲ್‌ಗೆ ವರ್ಷದ ಆದಾಯ 1.20 ಲಕ್ಷ ಮೀರಬಾರದು, 3 ಹೆಕ್ಟೇರ್ ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನು ಮೀರಬಾರದು, ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು, ಬಿಳಿ ಬೋರ್ಡಿನ ಕಾರು ಇರುವವರು ಸಲ್ಲರು. ಕಂಪ್ಯೂಟರಿನಲ್ಲಿ ಒಂದು ಪಟ್ಟಿಯನ್ನು ಇನ್ನೊಂದಕ್ಕೆ ಹೊಂದಿಸಿ ಹೆಸರು ತೆಗೆಯುವಾಗ ಇಲ್ಲಿ ಎರಡು ಕಡೆ ಎಡವುತ್ತದೆ.

ಒಂದು, ಜಂಟಿ ಪಹಣಿ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅಜ್ಜನ ಕಾಲದ ಪಹಣಿಯಲ್ಲಿ ಎಂಟು ಹತ್ತು ಹಿಸ್ಸೆದಾರರ ಹೆಸರು ಒಟ್ಟಿಗೇ ಕೂತಿರುತ್ತದೆ. ಪೂರ್ತಿ ಕ್ಷೇತ್ರವನ್ನು ಪ್ರತಿಯೊಬ್ಬರ ಹೆಸರಿಗೂ ಹಿಡಿದರೆ, ತನ್ನ ಪಾಲಿಗೆ 20 ಗುಂಟೆ ತೋಟ ಇರುವವನೂ ದೊಡ್ಡ ಹಿಡುವಳಿದಾರ ಆಗಿಬಿಡುತ್ತಾನೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ಕ್ಷೇತ್ರ ಅದರಲ್ಲಿ ಸೇರಿದೆಯೇ ಎಂದೂ ನೋಡಬೇಕು. ವಾಟ್ನಿ (ಪಾಲು) ಪತ್ರ ಇದ್ದರೆ ನಕಲು ಕೊಡಿ, ಇಲ್ಲದಿದ್ದರೆ ಗ್ರಾಮ ಆಡಳಿತ ಅಧಿಕಾರಿಯ ಸ್ಥಳ ಪಂಚನಾಮೆ ಮಾಡಿಸಿ.

ಎರಡು, ಶೂನ್ಯ ತೆರಿಗೆಯ ರಿಟರ್ನ್. ಗಾಡಿ ಸಾಲಕ್ಕೆ, ಅಥವಾ ಠೇವಣಿಯ ಬಡ್ಡಿಯಲ್ಲಿ ಮುರಿದ ಟಿಡಿಎಸ್ ವಾಪಸ್ ಪಡೆಯಲು ರಿಟರ್ನ್ ಹಾಕಿದವರು ಒಂದು ರೂಪಾಯಿಯನ್ನೂ ತೆರಿಗೆ ಕಟ್ಟಿರುವುದಿಲ್ಲ, ಆದರೂ ಪ್ಯಾನ್ ಹೊಂದಾಣಿಕೆಯಲ್ಲಿ ಸಿಕ್ಕಿಬೀಳಬಹುದು. ರಿಟರ್ನಿನ ಸ್ವೀಕೃತಿಯಲ್ಲಿ ಪಾವತಿಸಿದ ತೆರಿಗೆ ಸೊನ್ನೆ ಎಂದಿರುವ ಪುಟವೇ ಇದಕ್ಕೆ ಪುರಾವೆ. 2024ರ ನವೆಂಬರ್‌ನಲ್ಲಿ ಕಾರ್ಡ್ ರದ್ದತಿಗೆ ರಾಜ್ಯದಾದ್ಯಂತ ವಿರೋಧ ಎದ್ದಾಗ, ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿ ಕೊಡಲು ಸರ್ಕಾರ ಹೇಳಬೇಕಾಯಿತು. ಹಾಗೆ ಮರಳಿದ ಕಾರ್ಡುಗಳನ್ನು ಕಳೆಯದೆ ಉಳಿತಾಯ ಹೇಳಿದರೆ ಅದು ಸುಳ್ಳು ಲೆಕ್ಕ.

ಹಂಗಾಮಿನ ದುಡಿಮೆಯನ್ನು ಸರಾಸರಿ ಮಾಡುವ ಅಪಾಯ ಇನ್ನೂ ದೊಡ್ಡದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ನಿಷೇಧ, ಆ 61 ದಿನ ಬೋಟಿನಲ್ಲಿ ದುಡಿಯುವ ಕಲಾಸಿಗೆ ಸಂಪಾದನೆ ಇಲ್ಲ. ಸೆಪ್ಟೆಂಬರಿನ ಒಂದು ಒಳ್ಳೆಯ ತಿಂಗಳನ್ನು ಹಿಡಿದು 12ರಿಂದ ಗುಣಿಸಿದರೆ ಅವನು ಅನರ್ಹ. ಆಸ್ಟ್ರೇಲಿಯಾದಲ್ಲಿ ರೋಬೋಡೆಟ್ ಎಂದು ಹೆಸರಾದ ವ್ಯವಸ್ಥೆ ಕೆಟ್ಟದ್ದು ಸರಾಸರಿಯಿಂದಲೇ. ವರ್ಷದ ಆದಾಯವನ್ನು ಎರಡೆರಡು ವಾರದ 26 ಅವಧಿಗಳಿಗೆ ಸಮನಾಗಿ ಹಂಚಿ, ನಿರುದ್ಯೋಗದ ತಿಂಗಳಲ್ಲೂ ನೀವು ದುಡಿದಿದ್ದೀರಿ, ಭತ್ಯೆ ವಾಪಸ್ ಕೊಡಿ ಎಂದು ಜನರಿಗೆ ನೋಟಿಸ್ ಹೋಯಿತು. ಉಳಿತಾಯಕ್ಕೆಂದು ತಂದ ಆ ಯೋಜನೆ 2019ರಲ್ಲಿ ಕೋರ್ಟಿನಲ್ಲಿ ಬಿದ್ದು, 2020ರಲ್ಲಿ 72.1 ಕೋಟಿ ಡಾಲರ್ ಹಿಂತಿರುಗಿಸುವುದಾಗಿ ಅಲ್ಲಿನ ಸರ್ಕಾರ ಘೋಷಿಸಬೇಕಾಯಿತು.

ಪಂಚಾಯ್ತಿಯಲ್ಲಿ ನಿಜವಾದ ಸೋರಿಕೆ ಎಷ್ಟು ಎಂದು ತಿಳಿಯಬೇಕಿದ್ದರೆ ದೂರು ಬಂದ ಮನೆಗಳನ್ನು ಮಾತ್ರ ನೋಡಬೇಡಿ. ದೂರಿನಲ್ಲಿ ಹಳೆಯ ಬೇಲಿ ಜಗಳವೂ ಬೆರೆತಿರುತ್ತದೆ. ಪೂರ್ತಿ ಪಟ್ಟಿಯಿಂದ ಚೀಟಿ ಎತ್ತಿ 50 ಮನೆ ಆರಿಸಿ, ಯಾರನ್ನೂ ಬಿಡದೆ ಭೇಟಿ ಕೊಡಿ. ಅದರ ಜೊತೆಗೇ ಪಟ್ಟಿಯಲ್ಲಿ ಇಲ್ಲದ 50 ಮನೆಗಳನ್ನೂ ಅದೇ ರೀತಿ ಎತ್ತಿ ನೋಡಿ, ಅರ್ಹರಾಗಿದ್ದೂ ಹೊರಗೆ ಉಳಿದವರು ಅಲ್ಲಿ ಸಿಗುತ್ತಾರೆ. ಪಿಎಂ ಕಿಸಾನ್ ಮಾರ್ಗಸೂಚಿಯಲ್ಲೂ ವರ್ಷಕ್ಕೆ 5 ಶೇಕಡಾ ಫಲಾನುಭವಿಗಳ ಸ್ಥಳ ಪರಿಶೀಲನೆ ಇದೆ. ಎರಡನೆಯ 50 ಮನೆಯನ್ನು ನೋಡದೆ ಮೊದಲನೆಯ 50ರ ಫಲಿತಾಂಶವನ್ನು ಸಭೆಯಲ್ಲಿ ಓದುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಬನವಾಸಿ ದಾರಿ (ಶಿರಸಿ)

ಮೇಲಿನವರು ಹೇಳಿದ್ದಕ್ಕೆ ಸೇರಿಸುವುದು ಸ್ವಲ್ಪವೇ. ತಾಲೂಕಿನ ಆಹಾರ ಶಾಖೆಯಿಂದ ರದ್ದಾದ ಕಾರ್ಡುಗಳ ಪಟ್ಟಿ ಕೇಳುವಾಗ ಬರೀ ಸಂಖ್ಯೆ ಕೇಳಬೇಡಿ. ರದ್ದತಿಗೆ ಕಾರಣ, ಕೊನೆಯ ಸಲ ಅಕ್ಕಿ ಎತ್ತಿದ ತಿಂಗಳು, ರದ್ದಿಗೆ ಮೊದಲು ನೋಟಿಸ್ ಕೊಟ್ಟ ದಿನಾಂಕ, ಮರುಮಂಜೂರಾಗಿದ್ದರೆ ಅದರ ದಿನಾಂಕ, ಈ ನಾಲ್ಕು ಕಾಲಂ ಇರಲೇಬೇಕು. ಅಷ್ಟಿದ್ದರೆ ಮೇಲೆ ಮಾಡಿದ ಕಳೆಯುವ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು.

ಬಾಯಿಮಾತಿಗೆ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ, 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಪಡಿತರ, ಪಿಂಚಣಿ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಅದೇ ಕಾರಣಕ್ಕೆ ತಿರಸ್ಕರಿಸುತ್ತಾರೆ, ಆದ್ದರಿಂದ ಎರಡು ಅರ್ಜಿ ಮಾಡಿ. ಅಂಗಡಿಯಲ್ಲಿ ವಾಪಸ್ ಕಳಿಸಿದ ಪ್ರಕರಣ ಇದ್ದರೆ ಅದಕ್ಕೆ ಅರ್ಜಿ ಬೇಡ. ಅದೇ ದಿನ ಪಡಿತರದ ಸಹಾಯವಾಣಿ 1967ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಪರಿಹಾರ ಆಗದಿದ್ದರೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ, ಅಲ್ಲಿಂದ ಮುಂದೆ ರಾಜ್ಯ ಆಹಾರ ಆಯೋಗಕ್ಕೆ ಹೋಗುವಾಗ ಆ ಸಂಖ್ಯೆಯನ್ನೇ ಉಲ್ಲೇಖಿಸಿ.